ಬಡ ಅದಿರು ಕಟ್ಟಿದ ಊರು

ಜೊಹಾನ್ಸ್‌ಬರ್ಗಿನ ಹಳೆ ಪೇಟೆಯ ನಕ್ಷೆ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅಡ್ಡರಸ್ತೆಗಳ ದಟ್ಟಣೆ. ಯಾವ ಬೀದಿ ಹಿಡಿದು ಹೊರಟರೂ ಒಂದೆರಡು ನಿಮಿಷಕ್ಕೊಂದು ಚೌಕ. ನಗರ ಯೋಜನೆಯ ಯಾವ ತತ್ವವೂ ಇದರ ಹಿಂದಿಲ್ಲ. ಹರಾಜಿನಲ್ಲಿ ಮೂಲೆ ನಿವೇಶನಕ್ಕೆ ಹೆಚ್ಚು ದುಡ್ಡು ಬರುತ್ತದೆ, ಬ್ಲಾಕುಗಳನ್ನು ಚಿಕ್ಕದಾಗಿ ಕತ್ತರಿಸಿದಷ್ಟೂ ಮೂಲೆಗಳು ಹೆಚ್ಚುತ್ತವೆ. ಅಷ್ಟೇ ಲೆಕ್ಕ. 1886ರ ಡಿಸೆಂಬರ್ 8ರಂದು ನಡೆದ ಮೊದಲ ಹರಾಜಿಗೆ ಬಂದ ನಿವೇಶನಗಳು 50 ಕೇಪ್ ಅಡಿ ಚೌಕದವು, ಅಂದರೆ ಬದಿಗೆ ಹದಿನಾರು ಮೀಟರಿಗಿಂತ ತುಸು ಕಡಿಮೆ. ಗುತ್ತಿಗೆ ಬರೀ 5 ವರ್ಷಕ್ಕೆ. ಚಿನ್ನ ಇರುವಷ್ಟು ದಿನ ಇದ್ದು, ಮುಗಿದ ಮೇಲೆ ತಗಡು ಕಿತ್ತುಕೊಂಡು ಹೋಗುವ ಶಿಬಿರ ಎಂದೇ ಎಲ್ಲರ ಎಣಿಕೆ. ಆಮೇಲೆ ಆ ಗುತ್ತಿಗೆಯನ್ನು 99 ವರ್ಷಕ್ಕೆ ಹಿಗ್ಗಿಸಬೇಕಾಯಿತು.

ಊರು ಎದ್ದ ಜಾಗವೂ ಯಾರಿಗೂ ಬೇಡವಾದದ್ದು. ಬ್ರಾಮ್‌ಫಾಂಟೇನ್, ಡೋರ್ನ್‌ಫಾಂಟೇನ್, ಟರ್ಫ್‌ಫಾಂಟೇನ್ ಎಂಬ ಮೂರು ದನಗಾಹಿ ಜಮೀನುಗಳ ನಡುವೆ ಅಳತೆಗೆ ಸಿಗದೆ ಉಳಿದ ತ್ರಿಕೋನದ ಸರ್ಕಾರಿ ತುಂಡು ಅದು, ಹೆಸರು ರಾಂಡ್ಯೆಸ್‌ಲಾಖ್ಟೆ. ಆ ತುಂಡಿನ ಪೂರ್ವದ ಅಂಚಿಗೆ ಎಂಡ್ ಸ್ಟ್ರೀಟ್ ಎಂದು ಹೆಸರಿಟ್ಟರು. ಇವತ್ತು ಆ 'ಕೊನೆಯ ಬೀದಿ' ನಗರದ ಒಳಗೇ ಎಲ್ಲೋ ಇದೆ. ಅಕ್ಕಪಕ್ಕದ ಜಮೀನುಗಳಲ್ಲಿ ಬೇರೆಯವರು ಬೇರೆ ಅಳತೆಯಲ್ಲಿ ಬೀದಿ ಎಳೆದದ್ದರಿಂದ ಗಡಿ ಸೇರುವಲ್ಲೆಲ್ಲ ರಸ್ತೆಗಳು ಸೊಟ್ಟಗಾಗಿವೆ. ಹಳೆಯ ಜಮೀನುಗಳ ಬೇಲಿ ಎಲ್ಲಿತ್ತು ಎಂದು ಈಗಲೂ ಆ ಸೊಟ್ಟು ನೋಡಿ ಹೇಳಬಹುದು.

ನದಿಯಿಲ್ಲ, ಕೆರೆಯಿಲ್ಲ, ಬಂದರಿಲ್ಲ. ಸಮುದ್ರ ಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದ ಬೋಳು ಹುಲ್ಲುಗಾವಲು. ಹೀಗಿದ್ದೂ ಹತ್ತೇ ವರ್ಷದಲ್ಲಿ, 1896ರ ಜನಗಣತಿಯ ಹೊತ್ತಿಗೆ, ಮಾರುಕಟ್ಟೆ ಚೌಕದ ಸುತ್ತ ಮೂರು ಮೈಲಿಯೊಳಗೆ ಒಂದು ಲಕ್ಷಕ್ಕೂ ಮಿಕ್ಕಿ ಜನ. ಚಿನ್ನ ಸಿಕ್ಕಿತು, ಊರು ಬೆಳೆಯಿತು ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಆದರೆ ಚಿನ್ನ ಸಿಕ್ಕ ಊರುಗಳೆಲ್ಲ ನಗರವಾಗಲಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯ ಅದಿರು ಇಲ್ಲಿಯದಕ್ಕಿಂತ ಎಷ್ಟೋ ಸಿರಿವಂತ. ಕೆಜಿಎಫ್ ನಗರವಾಗಲಿಲ್ಲ, ಜೊಹಾನ್ಸ್‌ಬರ್ಗ್ ಆಯಿತು. ನನ್ನ ಪ್ರಕಾರ ಉತ್ತರ ಇರುವುದು ಅದಿರಿನ ಬಡತನದಲ್ಲಿ.

ಇಲ್ಲಿಯ ಕಲ್ಲನ್ನು ಹತ್ತಿರದಿಂದ ನೋಡಬೇಕು. ಬೂದು ಬಣ್ಣದ ಗಟ್ಟಿ ಹಿಟ್ಟಿನಲ್ಲಿ ಬಿಳಿ ಬೆಣಚು ಉಂಡೆಗಳನ್ನು ಅದುಮಿಟ್ಟ ಹಾಗೆ ಕಾಣುತ್ತದೆ. ಬಾದಾಮಿ ಹಾಕಿ ಮಾಡುವ ತಮ್ಮ ಒಂದು ಸಿಹಿಯ ನೆನಪಾಗಿ ಇಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರು ಇದನ್ನು 'ಬ್ಯಾಂಕೆಟ್' ಎಂದರು. 270 ಕೋಟಿ ವರ್ಷಕ್ಕೂ ಹಿಂದಿನ ನದಿಗಳು ತಂದು ಹಾಸಿದ ಜಲ್ಲಿ ಇದು. ಚಿನ್ನವಿರುವುದು ಬಿಳಿ ಉಂಡೆಗಳಲ್ಲಲ್ಲ, ನಡುವಿನ ಬೂದು ಹಿಟ್ಟಿನಲ್ಲಿ, ಕಬ್ಬಿಣ ಗಂಧಕ ಕೂಡಿದ ಪೈರೈಟ್ ಎಂಬ ಖನಿಜದ ಜೊತೆಗೆ. ಬರಿಗಣ್ಣಿಗೆ ಬಹುಮಟ್ಟಿಗೆ ಕಾಣುವುದೇ ಇಲ್ಲ. ಹೊಳೆಯುವುದೆಲ್ಲ ಪೈರೈಟೇ. ಒಂದು ಟನ್ ಕಲ್ಲಿಗೆ ಹತ್ತು ಗ್ರಾಂ ಸಿಕ್ಕರೆ ಒಳ್ಳೆಯ ಅದಿರು. ಹತ್ತು ಗ್ರಾಂ ಚಿನ್ನವೆಂದರೆ ಗಾತ್ರದಲ್ಲಿ ಅರ್ಧ ಘನ ಸೆಂಟಿಮೀಟರ್, ದಪ್ಪನೆಯ ಒಂದು ಅವರೆಕಾಳು. ಆ ಅವರೆಕಾಳನ್ನು ಕಣ್ಣಿಗೆ ಕಾಣದ ಪುಡಿ ಮಾಡಿ, ಎರಡೂವರೆ ಅಡಿ ಅಗಲ, ಅಷ್ಟೇ ಉದ್ದ, ಎರಡು ಅಡಿ ಎತ್ತರದ ಬಂಡೆಯ ಉದ್ದಗಲಕ್ಕೂ ಹರಡಿ ಇಟ್ಟಿದೆ ಎಂದುಕೊಳ್ಳಿ.

ಬಡ ಅದಿರು, ಆದರೆ ನಂಬಿಕಸ್ಥ. ಬೇರೆ ಕಡೆ ಬೆಣಚಿನ ಸಿರದಲ್ಲಿ, ಅಂದರೆ ಬಂಡೆಯ ನಡುವೆ ಹಾಯುವ ತೆಳು ಪಟ್ಟಿಯಲ್ಲಿ, ಇಂದು ಗಟ್ಟಿ ಸಿಕ್ಕರೆ ನಾಳೆ ಸಿರವೇ ಮಾಯ. ಇಲ್ಲಿ ಹಾಗಲ್ಲ. ಪೂರ್ವ ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರ್ ಉದ್ದಕ್ಕೂ ಪದರ ಸಾಗುತ್ತದೆ, ಮತ್ತು ದಕ್ಷಿಣಕ್ಕೆ ವಾಲಿಕೊಂಡು ಕಿಲೋಮೀಟರುಗಟ್ಟಲೆ ಆಳಕ್ಕೆ ಇಳಿಯುತ್ತದೆ. ಅದೃಷ್ಟ ಪರೀಕ್ಷೆಗೆ ಬರುವವನಿಗೆ ಇಂಥ ಗಣಿ ಕೆಲಸಕ್ಕೆ ಬಾರದು. ಬುಟ್ಟಿ, ಹಾರೆ, ಬಾಣಲೆ ಹಿಡಿದು ಬಂದವನಿಗೆ ಇಲ್ಲಿ ಏನೂ ಹುಟ್ಟುವುದಿಲ್ಲ. 1886ರಲ್ಲಿ ಲಾಂಗ್‌ಲಾಖ್ಟೆ ಜಮೀನಿನಲ್ಲಿ ಈ ಚಿನ್ನದ ಪದರವನ್ನು, ಅಂದರೆ ಮುಖ್ಯ ರೀಫನ್ನು ಗುರುತಿಸಿದ ಜಾರ್ಜ್ ಹ್ಯಾರಿಸನ್ ತನ್ನ ಶೋಧಕನ ಹಕ್ಕನ್ನು ಹತ್ತು ಪೌಂಡಿಗೆ ಮಾರಿದ. ಅವನನ್ನು ದಡ್ಡನೆನ್ನುವವರುಂಟು. ಕೈಯಲ್ಲಿ ಬಂಡವಾಳವಿಲ್ಲದವನು ಆ ಹಕ್ಕನ್ನು ಇಟ್ಟುಕೊಂಡು ಮಾಡುವುದಾದರೂ ಏನಿತ್ತು?

ಮೊದಲ ಮೂರು ವರ್ಷ ಮೇಲ್ಪದರದ ಕಲ್ಲು. ಗಾಳಿ ಮಳೆಗೆ ಪೈರೈಟ್ ಕೊಳೆತು ತುಕ್ಕಾಗಿ, ಚಿನ್ನ ಬಿಡುಗಡೆಯಾಗಿತ್ತು. ಸ್ಟ್ಯಾಂಪ್ ಮಿಲ್ಲಿನ ಕಬ್ಬಿಣದ ಒನಕೆಗಳಲ್ಲಿ ಕುಟ್ಟಿ, ನೀರು ಬೆರೆಸಿ, ಪಾದರಸ ಸವರಿದ ತಾಮ್ರದ ಹಲಗೆಗಳ ಮೇಲೆ ಹರಿಸಿದರೆ ಚಿನ್ನ ಅಂಟಿಕೊಳ್ಳುತ್ತಿತ್ತು. ಕೆಲವು ಹತ್ತು ಮೀಟರ್ ಇಳಿಯುತ್ತಿದ್ದಂತೆ ಕೊಳೆಯದ ಪೈರೈಟ್ ಎದುರಾಯಿತು. ಅದರೊಳಗೆ ಸಿಕ್ಕಿಕೊಂಡ ಚಿನ್ನವನ್ನು ಪಾದರಸ ಮುಟ್ಟುವುದಿಲ್ಲ. ಪಾದರಸವೂ ಕಪ್ಪಗೆ ಕೆಟ್ಟುಹೋಗಿ ಸಣ್ಣ ಸಣ್ಣ ಹನಿಯಾಗಿ ಕೊಚ್ಚಿಹೋಗುತ್ತದೆ. 1889–90ರಲ್ಲಿ ಷೇರುಗಳು ಕುಸಿದವು, ಜನ ಗಂಟುಮೂಟೆ ಕಟ್ಟತೊಡಗಿದರು. ಐದು ವರ್ಷದ ಗುತ್ತಿಗೆ ಬರೆದವರ ಲೆಕ್ಕವೇ ಸರಿ ಎಂದು ಕಾಣುವಂತಾಗಿತ್ತು.

ಊರನ್ನು ಉಳಿಸಿದ್ದು ಗ್ಲ್ಯಾಸ್ಗೋದಲ್ಲಿ 1887ರಲ್ಲಿ ಪೇಟೆಂಟ್ ಆದ ಮ್ಯಾಕ್‌ಆರ್ಥರ್–ಫಾರೆಸ್ಟ್ ಸೈನೈಡ್ ವಿಧಾನ. 1890ರಲ್ಲಿ ವಿಟ್‌ವಾಟರ್ಸ್‌ರಾಂಡ್, ಚಿಕ್ಕದಾಗಿ ರಾಂಡ್, ಎಂಬ ಈ ಗುಡ್ಡಸಾಲಿನ ಗಣಿಗಳಲ್ಲಿ ಅದರ ಪರೀಕ್ಷೆ ನಡೆಯಿತು. ಕೆಲಸ ಹೀಗೆ: ಕುಟ್ಟಿದ ಮರಳನ್ನು ದೊಡ್ಡ ತೊಟ್ಟಿಗೆ ತುಂಬಿ, ತೀರ ತೆಳುವಾದ ಸೈನೈಡ್ ದ್ರಾವಣವನ್ನು ಅದರ ಮೂಲಕ ದಿನಗಟ್ಟಲೆ ಇಳಿಸುತ್ತಾರೆ. ಈಗಿನ ಸ್ಥಾವರಗಳಲ್ಲಿ ನೂರು ಲೀಟರ್ ನೀರಿಗೆ 20ರಿಂದ 50 ಗ್ರಾಂ ಸೈನೈಡ್ ಇದ್ದರೆ ಸಾಕು. ಗಾಳಿಯ ಆಮ್ಲಜನಕ ಸಿಗದಿದ್ದರೆ ಚಿನ್ನ ಕರಗದು, ಹಾಗಾಗಿ ಮರಳಿನ ನಡುವೆ ಗಾಳಿಯಾಡಬೇಕು. ಸುಣ್ಣ ಬೆರೆಸಿ ದ್ರಾವಣವನ್ನು ಕ್ಷಾರವಾಗಿಯೇ ಇಡಬೇಕು. ಇದರಲ್ಲಿ ತಪ್ಪಿದರೆ ಎರಡು ಕೇಡು: ಪೈರೈಟಿನ ಆಮ್ಲ ಸೈನೈಡನ್ನು ತಿಂದುಹಾಕುತ್ತದೆ, ಜೊತೆಗೆ ಉಸಿರಾಡಿದವರನ್ನು ಕೊಲ್ಲುವ ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತದೆ. ಚಿನ್ನ ಕರಗಿದ ನೀರನ್ನು ಸತುವಿನ ಸುರುಳಿ ತುಂಬಿದ ಪೆಟ್ಟಿಗೆಗಳಲ್ಲಿ ಹಾಯಿಸಿದರೆ ಸತು ಕರಗಿ ಚಿನ್ನ ಕಪ್ಪು ರಾಡಿಯಾಗಿ ಕೂರುತ್ತದೆ. ಆ ರಾಡಿಯನ್ನು ಗಂಧಕಾಮ್ಲದಲ್ಲಿ ತೊಳೆದು, ಬಿಳಿಗಾರ ಸೇರಿಸಿ ಕರಗಿಸಿ ಎರಕ ಹೊಯ್ಯುವಾಗಲೇ ಮೊದಲ ಸಲ ಹಳದಿ ಬಣ್ಣ ಕಾಣುವುದು. ಪಾದರಸ, ಸೈನೈಡ್ ಎರಡೂ ಸೇರಿ ಹತ್ತರಲ್ಲಿ ಒಂಬತ್ತು ಪಾಲು ಚಿನ್ನ ಕೈಗೆ ಬರುವಂತಾಯಿತು.

ಇಷ್ಟಾದ ಮೇಲೆ ಆಳಕ್ಕೆ ಇಳಿಯುವ ಧೈರ್ಯ ಬಂತು. ರೀಫ್ ದಕ್ಷಿಣಕ್ಕೆ ವಾಲಿರುವುದರಿಂದ, ಅದು ನೆಲದ ಮೇಲೆ ಕಾಣುವ ಗೆರೆಯಿಂದ ದಕ್ಷಿಣಕ್ಕೆ ಸರಿದು ನೇರ ಶಾಫ್ಟ್ ಕೊರೆದರೆ ಎಲ್ಲೋ ಒಂದು ಆಳದಲ್ಲಿ ಅದು ಸಿಗಲೇಬೇಕು. ಅದಕ್ಕೆ ವರ್ಷಗಟ್ಟಲೆ ಕೊರೆತ, ಲಕ್ಷಗಟ್ಟಲೆ ಪೌಂಡು, ಅಲ್ಲಿಯವರೆಗೆ ಒಂದು ಗುಂಜಿ ಚಿನ್ನವೂ ಇಲ್ಲ. ಇಂಥ ಸಾಹಸಕ್ಕೆಂದೇ 1893ರಲ್ಲಿ ರಾಂಡ್ ಮೈನ್ಸ್ ಕಂಪನಿ ಹುಟ್ಟಿತು. ಒಂದೇ ಹಣಕಾಸು ಮನೆತನ ಹತ್ತಾರು ಗಣಿಗಳಿಗೆ ಎಂಜಿನಿಯರು, ಖರೀದಿ, ಸಾಲ, ಲೆಕ್ಕಪತ್ರ ಎಲ್ಲವನ್ನೂ ಒದಗಿಸುವ 'ಗ್ರೂಪ್' ಪದ್ಧತಿ ಬೆಳೆಯಿತು. 1887ರಲ್ಲೇ ಷೇರುಪೇಟೆ ತೆರೆದಿತ್ತು. ಒಳಗೆ ಜಾಗ ಸಾಲದೆ ಸಿಮಂಡ್ಸ್ ಬೀದಿಗೆ ಎರಡೂ ಕಡೆ ಸರಪಳಿ ಕಟ್ಟಿ ಬೀದಿಯಲ್ಲೇ ಷೇರು ಕೂಗುತ್ತಿದ್ದರು. ಅದೇ ಬೀದಿ ಕಮಿಷನರ್ ಸ್ಟ್ರೀಟನ್ನು ಸೇರುವ ಮೂಲೆಯಲ್ಲಿ ಎಕ್‌ಸ್ಟೈನ್ ಕಂಪನಿಯ ಕಚೇರಿ, ಜನರ ಬಾಯಲ್ಲಿ 'ಕಾರ್ನರ್ ಹೌಸ್'.

ಊರು ನಗರವಾದ ಘಳಿಗೆ ಇದೇ. ಬಡ ಅದಿರಿಗೆ ಬ್ಯಾಂಕು ಬೇಕು, ರಸಾಯನಶಾಸ್ತ್ರಿ ಬೇಕು, ಫೌಂಡ್ರಿ ಬೇಕು, ಕೇಬಲ್ಲು, ಡ್ರಿಲ್ಲು, ಡೈನಮೈಟು ಬೇಕು, ಕಲ್ಲಿದ್ದಲು ಬೇಕು. ಕಲ್ಲಿದ್ದಲು ಅದೃಷ್ಟಕ್ಕೆ ಪಕ್ಕದ ಬಾಕ್ಸ್‌ಬರ್ಗಿನಲ್ಲೇ ಇತ್ತು. ಅದನ್ನು ತರಲು 1890ರಲ್ಲಿ ಹಾಕಿದ 'ರಾಂಡ್ ಟ್ರಾಮ್' ಹೆಸರಿಗೆ ಟ್ರಾಮ್, ನಿಜದಲ್ಲಿ ರೈಲು. 1892ರಲ್ಲಿ ಕೇಪ್‌ಟೌನ್ ದಿಕ್ಕಿನ ರೈಲು ಬಂದು ಮುಟ್ಟಿತು. ಎಂಜಿನಿಯರುಗಳನ್ನು ತಯಾರು ಮಾಡಲು ಕಿಂಬರ್ಲಿಯ ಗಣಿ ಶಾಲೆಯನ್ನು 1904ರಲ್ಲಿ ಇಲ್ಲಿಗೆ ತಂದರು. ಅದೇ 1922ರಲ್ಲಿ ವಿಟ್ಸ್ ವಿಶ್ವವಿದ್ಯಾಲಯವಾಯಿತು. ಗಣಿಯ ಕಂಬಗಳಿಗೆ ಮರವಿಲ್ಲದ ಈ ಬೋಳು ಬಯಲಿನಲ್ಲಿ ಲಕ್ಷಗಟ್ಟಲೆ ನೀಲಗಿರಿ ಗಿಡ ನೆಟ್ಟರು. ಸ್ಯಾಕ್ಸನ್‌ವೋಲ್ಡ್ ಎಂಬ ಇಂದಿನ ಸಿರಿವಂತರ ಬಡಾವಣೆ, ನಗರದ ಮೃಗಾಲಯ ಎಲ್ಲ ಆ ತೋಪಿನ ಜಾಗವೇ.

ಕೆಜಿಎಫ್ ಜೊತೆ ಇಟ್ಟು ನೋಡಿ. ಎರಡೂ ಕಡೆ ಕಾರ್ನ್‌ವಾಲಿನ ಗಣಿ ಕಸುಬುದಾರರು ಬಂದಿದ್ದರು, ಎರಡೂ ಕಡೆ ಅದೇ ಒನಕೆ ಮಿಲ್ಲು, ಅದೇ ಸೈನೈಡ್. ಕೋಲಾರದ ಅದಿರು ಶುರುವಿನ ವರ್ಷಗಳಲ್ಲಿ ಟನ್ನಿಗೆ 40 ಗ್ರಾಂ ಮೀರುತ್ತಿತ್ತು. ಆದರೆ ಲಾಭ ಕೊಟ್ಟ ಸಿರದ ಉದ್ದ ಕೆಲವೇ ಕಿಲೋಮೀಟರ್. 1880ರಿಂದ ಅದನ್ನು ನಡೆಸಿದ ಜಾನ್ ಟೇಲರ್ ಕಂಪನಿಯ ಆಡಳಿತ ಮಂಡಳಿ, ಷೇರು ವಹಿವಾಟು, ಡಿವಿಡೆಂಡು ಎಲ್ಲ ಲಂಡನ್ನಿನಲ್ಲಿ. ಕರೆಂಟು ಶಿವನಸಮುದ್ರದಿಂದ 1902ರಲ್ಲಿ ಬಂತು, ನೀರು ಬೇತಮಂಗಲದಿಂದ. ಊರಲ್ಲಿ ಉಳಿದದ್ದು ಶಾಫ್ಟು ಮತ್ತು ಲೈನ್ ಮನೆ. ಸಿರಿವಂತ ಅದಿರಿಗೆ ತನ್ನ ಸುತ್ತ ಪೇಟೆ ಕಟ್ಟಿಕೊಳ್ಳುವ ಜರೂರು ಬೀಳಲಿಲ್ಲ. 1964ರಲ್ಲಿ ಬೆಮೆಲ್ ಬಂದದ್ದು ಬಿಟ್ಟರೆ ಗಣಿಯ ಆಚೆಗೆ ಹೇಳಿಕೊಳ್ಳುವ ದುಡಿಮೆ ಹುಟ್ಟಲಿಲ್ಲ. ಸುಮಾರು 800 ಟನ್ ಚಿನ್ನ ಕೊಟ್ಟು 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಸಾವಿರಾರು ಮಂದಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಾದರು. ವಿಟ್‌ವಾಟರ್ಸ್‌ರಾಂಡ್ ಇದುವರೆಗೆ ಕೊಟ್ಟ ಚಿನ್ನ ಸುಮಾರು 50,000 ಟನ್. ಆದರೂ ಎರಡು ಊರುಗಳ ನಡುವಿನ ವ್ಯತ್ಯಾಸ ಬರೀ ಈ ಟನ್ನುಗಳದಲ್ಲ.

ಬಡ ಅದಿರಿನ ಇನ್ನೊಂದು ಲೆಕ್ಕವನ್ನು ಸಲೀಸಾಗಿ ದಾಟಿಹೋಗುವ ಹಾಗಿಲ್ಲ. ಚಿನ್ನದ ಬೆಲೆ ಅಂತರರಾಷ್ಟ್ರೀಯವಾಗಿ ನಿಗದಿಯಾಗಿತ್ತು, ಗಣಿಯವನು ಏರಿಸುವಂತಿಲ್ಲ. ಯಂತ್ರ, ಡೈನಮೈಟು, ಸೈನೈಡ್ ಬೆಲೆ ಅವನ ಕೈಯಲ್ಲಿಲ್ಲ. ಇಳಿಸಲು ಸಾಧ್ಯವಿದ್ದದ್ದು ಒಂದೇ, ಕೂಲಿ. 1887ರಲ್ಲಿ ಹುಟ್ಟಿದ ಗಣಿ ಮಾಲೀಕರ ಸಂಘ ಕಪ್ಪು ಕಾರ್ಮಿಕರಿಗಾಗಿ ಪರಸ್ಪರ ಪೈಪೋಟಿ ಮಾಡುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡಿತು. 1900ರಲ್ಲಿ ವೆನೆಲಾ ಎಂಬ ನೇಮಕಾತಿ ಸಂಸ್ಥೆ ಕಟ್ಟಿ ಮೊಜಾಂಬಿಕ್ ಮತ್ತಿತರ ಕಡೆಗಳಿಂದ ಗಂಡಾಳುಗಳನ್ನು ತಿಂಗಳುಗಳ ಕರಾರಿನ ಮೇಲೆ ತಂದರು. ಹೆಂಡತಿ ಮಕ್ಕಳು ಊರಲ್ಲಿ, ಗಂಡಸು 'ಕಾಂಪೌಂಡ್' ಎಂಬ ಗಣಿಯ ಕೂಲಿ ವಠಾರದಲ್ಲಿ, ಕಾಂಕ್ರೀಟಿನ ಅಟ್ಟಣಿಗೆಗಳ ಮೇಲೆ. ಕುಟುಂಬವನ್ನು ಹಳ್ಳಿಯ ಹೊಲ ಸಾಕುತ್ತದೆ, ಹಾಗಾಗಿ ಒಬ್ಬನ ಹೊಟ್ಟೆಗಾಗುವಷ್ಟು ಕೊಟ್ಟರೆ ಸಾಕು ಎಂಬುದು ಲೆಕ್ಕಾಚಾರ. ಬೋಯರ್ ಯುದ್ಧದ ನಂತರ ಆಳು ಸಾಲದಾದಾಗ 1904ರಿಂದ 63,000ಕ್ಕೂ ಹೆಚ್ಚು ಚೀನೀ ಕರಾರು ಕೂಲಿಗಳನ್ನು ಕರೆತಂದು, ಕೆಲವೇ ವರ್ಷಗಳಲ್ಲಿ ವಾಪಸು ಕಳಿಸಿದರು. ಕಪ್ಪು ಗಣಿ ಕಾರ್ಮಿಕನ ಕೈಗೆ ಬರುವ ಕೂಲಿಯನ್ನು ಬೆಲೆಯೇರಿಕೆಗೆ ಹೊಂದಿಸಿ ನೋಡಿದರೆ 1911ಕ್ಕಿಂತ 1969ರಲ್ಲಿ ಒಂದಿಷ್ಟೂ ಹೆಚ್ಚಿರಲಿಲ್ಲ. ಗಗನಚುಂಬಿಗಳ ಅಡಿಪಾಯದಲ್ಲಿ ಇರುವುದು ಈ ಅಂಕಿ.

ನೆಲದಡಿಯ ಕೆಲಸ ಎಂಥದ್ದೆಂದು ತಿಳಿಯಲು ಸ್ಟೋಪಿನ, ಅಂದರೆ ಅದಿರು ಕೊರೆದು ತೆಗೆಯುವ ಪೊಟರೆಯ, ಅಳತೆ ಸಾಕು. ಎಷ್ಟೋ ಕಡೆ ರೀಫಿನ ದಪ್ಪ ಒಂದು ಗೇಣು. ಮನುಷ್ಯ ನುಸುಳಲು ಕನಿಷ್ಠ ಒಂದು ಮೀಟರ್ ಬೇಕು, ಹೆಚ್ಚು ತೆಗೆದಷ್ಟೂ ಚಿನ್ನವಿಲ್ಲದ ಕಲ್ಲು ಬೆರೆತು ನಷ್ಟ. ಹಾಗಾಗಿ ಒಂದು ಮೀಟರಿಗೇ ನಿಲ್ಲಿಸುತ್ತಾರೆ. ಇಳಿಜಾರಿನಲ್ಲಿ ಮಗ್ಗುಲಾಗಿ ಮಲಗಿ ಅಥವಾ ಕುಕ್ಕರಗಾಲಲ್ಲಿ ಡ್ರಿಲ್ ಒತ್ತಬೇಕು. ಬೆಣಚಿನ ಧೂಳು ಪುಪ್ಪುಸಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. ಮೊದಲ ಪೀಳಿಗೆಯ ಡ್ರಿಲ್ ಆಳುಗಳು ನೀರು ಹಾಕದೆ ಒಣಗಲ್ಲು ಕೊರೆದು ಸಿಲಿಕೋಸಿಸ್‌ನಿಂದ ಚಿಕ್ಕ ವಯಸ್ಸಿನಲ್ಲೇ ಸತ್ತರು. ಈ ರೋಗದ ಬಗ್ಗೆ ಸರ್ಕಾರಿ ಆಯೋಗ ವಿಚಾರಣೆ ನಡೆಸಿದ್ದು 1902ರಲ್ಲಿ. ಗಣಿ ಕಂಪನಿಗಳು 500 ಕೋಟಿ ರಾಂಡ್ (ಅಲ್ಲಿಯ ನಾಣ್ಯದ ಹೆಸರೂ ರಾಂಡ್) ಪರಿಹಾರಕ್ಕೆ ಒಪ್ಪಿ, ನ್ಯಾಯಾಲಯ ಅದಕ್ಕೆ ಮುದ್ರೆ ಒತ್ತಿದ್ದು 2019ರಲ್ಲಿ.

ಯಾರು ಎಲ್ಲಿರಬೇಕೆಂಬುದನ್ನೂ ರೀಫೇ ತೀರ್ಮಾನಿಸಿತು. ಒನಕೆಗಳು ಹಗಲು ರಾತ್ರಿ ಬಡಿಯುತ್ತಿದ್ದವು, ಭಾನುವಾರ ನಿಂತರೆ ಆ ಮೌನಕ್ಕೇ ಎಚ್ಚರವಾಗುತ್ತಿತ್ತಂತೆ. ದುಡ್ಡಿದ್ದವರು ಉತ್ತರದ ಗುಡ್ಡಸಾಲು ದಾಟಿ ಪಾರ್ಕ್‌ಟೌನಿಗೆ ಹೋದರು. ದಕ್ಷಿಣದಲ್ಲಿ ಗಣಿ, ಮರಳು ದಿಬ್ಬ, ಕಾಂಪೌಂಡು. ಭಾರತೀಯರನ್ನು ಪಶ್ಚಿಮದ ಒಂದು 'ಕೂಲಿ ಲೊಕೇಷನ್'ನಲ್ಲಿ ತುರುಕಿದ್ದರು. 1904ರ ಮಾರ್ಚಿನಲ್ಲಿ ಅಲ್ಲಿ ಪ್ಲೇಗು ಕಾಣಿಸಿಕೊಂಡಾಗ, ಆಗ ಇಲ್ಲೇ ವಕೀಲರಾಗಿದ್ದ ಗಾಂಧಿ, ಜೊತೆಗಾರ ಮದನ್‌ಜಿತ್ ಬೀಗ ಒಡೆದು ತೆರೆದ ಒಂದು ಖಾಲಿ ಮನೆಯಲ್ಲಿ ರೋಗಿಗಳ ಆರೈಕೆಗೆ ನಿಂತರು. ನಗರಸಭೆ ಆ ವಸತಿಗೆ ಬೆಂಕಿ ಇಟ್ಟು, ನಿವಾಸಿಗಳನ್ನು ನೈಋತ್ಯದ ಕ್ಲಿಪ್‌ಸ್ಪ್ರೂಟ್ ಎಂಬಲ್ಲಿಗೆ, ನಗರದ ಚರಂಡಿ ನೀರಿನ ಹೊಲದ ಪಕ್ಕಕ್ಕೆ ಸಾಗಿಸಿತು. ಮುಂದೆ ಕಪ್ಪು ಜನರ ದೊಡ್ಡ ವಸತಿಯಾದ ಸೊವೆಟೊದ ಮೊದಲ ಬೀಜ ಅದು. 1963ರಲ್ಲಿ ಆ ಹೆಸರು ಬಂದ ಹೊತ್ತಿಗೆ ಸೊಫಿಯಾಟೌನಿನಂಥ ಊರೊಳಗಿನ ವಸತಿಗಳನ್ನೂ ಕೆಡವಿ ಜನರನ್ನು ಅತ್ತ ದೂಡಿಯಾಗಿತ್ತು. ಗಣಿಯ ಪಟ್ಟಿ ಮತ್ತು ದಿಬ್ಬಗಳ ಸಾಲು ಬಿಳಿಯರ ನಗರಕ್ಕೂ ಸೊವೆಟೊಗೂ ನಡುವೆ ಯಾರೂ ಕಟ್ಟದ ಗೋಡೆಯಾಗಿ ಒದಗಿಬಂತು. ಇವತ್ತಿಗೂ ಕೆಲಸ ಉತ್ತರದಲ್ಲಿ, ಮನೆ ದಕ್ಷಿಣದಲ್ಲಿ. ದಿನಕ್ಕೆ ಮೂರು ನಾಲ್ಕು ಗಂಟೆ ಮಿನಿಬಸ್ಸಿನಲ್ಲಿ ಕಳೆಯುವವರಿದ್ದಾರೆ.

ಎತ್ತರದ ಕಟ್ಟಡಗಳು ಬಂದದ್ದು 1932ರ ಕೊನೆಗೆ ದಕ್ಷಿಣ ಆಫ್ರಿಕಾ ನಾಣ್ಯದ ಮೌಲ್ಯವನ್ನು ಚಿನ್ನಕ್ಕೆ ಕಟ್ಟಿಡುವ 'ಗೋಲ್ಡ್ ಸ್ಟ್ಯಾಂಡರ್ಡ್' ಪದ್ಧತಿಯನ್ನು ಬಿಟ್ಟು, ಚಿನ್ನದ ಬೆಲೆ ಒಮ್ಮೆಲೇ ಏರಿದ ಮೇಲೆ. ನಷ್ಟವೆಂದು ಬಿಟ್ಟಿದ್ದ ಅದಿರು ರಾತ್ರೋರಾತ್ರಿ ಲಾಭದ್ದಾಯಿತು. 1973ರ ಕಾರ್ಲ್‌ಟನ್ ಸೆಂಟರ್ 50 ಅಂತಸ್ತು, 223 ಮೀಟರ್. ಆದರೆ ಹಣ ಮತ್ತೆ ಉತ್ತರಕ್ಕೆ ಸರಿಯಿತು. 2000ದಲ್ಲಿ ಷೇರುಪೇಟೆಯೇ ಸ್ಯಾಂಡ್ಟನ್ನಿಗೆ ಹೋಯಿತು. 2022ರ ಜನಗಣತಿಯಲ್ಲಿ 48 ಲಕ್ಷ ಜನರಿದ್ದ ಈ ನಗರ ಈಗ ಬ್ಯಾಂಕು, ವಿಮೆ, ವ್ಯಾಪಾರದಿಂದ ಬದುಕುತ್ತದೆ. ಹಳೆ ಪೇಟೆಯ ಎಷ್ಟೋ ಕಟ್ಟಡಗಳು ಒಡೆಯರಿಲ್ಲದೆ, ನೀರು ಕರೆಂಟಿಲ್ಲದೆ ಜನರಿಂದ ಕಿಕ್ಕಿರಿದಿವೆ. 2023ರ ಆಗಸ್ಟ್ 31ರಂದು ಅಂಥ ಒಂದಕ್ಕೆ ಬೆಂಕಿ ಬಿದ್ದು 70ಕ್ಕೂ ಹೆಚ್ಚು ಜೀವ ಹೋಯಿತು.

ಇನ್ನು ದಿಬ್ಬಗಳು. ಕೆಜಿಎಫ್‌ನಲ್ಲಿ 'ಸೈನೈಡ್ ದಿಬ್ಬ' ಎನ್ನುತ್ತಾರಲ್ಲ, ಇಲ್ಲೂ ಅವೇ, ತಿಳಿ ಹಳದಿ ಬಣ್ಣದವು, ಇನ್ನೂ ದೊಡ್ಡವು. ಆಗಸ್ಟಿನ ಒಣಗಾಳಿಗೆ ಅವುಗಳ ಪುಡಿ ಎದ್ದು ರಿವರ್‌ಲೀಯಂಥ ಬಡಾವಣೆಗಳ ಒಗೆದ ಬಟ್ಟೆ, ಅಡುಗೆಮನೆಯ ಪಾತ್ರೆ, ಮಕ್ಕಳ ಎದೆ ಎಲ್ಲಕ್ಕೂ ಇಳಿಯುತ್ತದೆ. ಹಳೆಯ ಕಾಲದಲ್ಲಿ ಪೂರ್ತಿ ತೆಗೆಯಲಾಗದ ಚಿನ್ನ ಟನ್ನಿಗೆ ಅರ್ಧ ಗ್ರಾಮಿಗೂ ಕಡಿಮೆ ಇದರಲ್ಲಿ ಉಳಿದಿದೆ. ಈಗ ಅದನ್ನೂ ಬಿಡುವುದಿಲ್ಲ. ನೀರಿನ ಫಿರಂಗಿ ಹಿಡಿದು ದಿಬ್ಬದ ಬುಡಕ್ಕೆ ಜೋರಾಗಿ ಹೊಡೆಯುತ್ತಾರೆ, ಗೋಡೆ ಕುಸಿದು ಕೆಸರಾಗುತ್ತದೆ, ಕೊಳವೆಯಲ್ಲಿ ಸ್ಥಾವರಕ್ಕೆ ಹೋಗುತ್ತದೆ, ಉಳಿದದ್ದನ್ನು ಊರಿನಾಚೆಯ ದೊಡ್ಡ ಅಣೆಕಟ್ಟಿನಂಥ ಗುಡ್ಡೆಗೆ ಸುರಿಯುತ್ತಾರೆ. ದಿಬ್ಬವಿದ್ದ ಜಾಗ ಗೋದಾಮು ಕಟ್ಟಲು ಖಾಲಿಯಾಗುತ್ತದೆ. ಕೆಳಗೆ ಕಡಿಮೆ ಆಳದಲ್ಲೇ ಗಣಿಯ ಟೊಳ್ಳಿದ್ದರೆ ಎತ್ತರದ ಕಟ್ಟಡಕ್ಕೆ ಅನುಮತಿಯಿಲ್ಲ. ಪೇಟೆಯ ದಕ್ಷಿಣಕ್ಕೆ ಗೋದಾಮುಗಳು, ವಾಹನ ನಿಲ್ದಾಣಗಳೇ ಹೆಚ್ಚಿರುವುದು ಅದಕ್ಕೇ. ಮುಚ್ಚಿದ ಶಾಫ್ಟುಗಳಲ್ಲಿ 'ಜಾಮಾ ಜಾಮಾ' ಎಂದು ಕರೆಯಲ್ಪಡುವ, ಕಾನೂನಿನ ಹೊರಗಿನ ಗಣಿಗರು ಈಗಲೂ ವಾರಗಟ್ಟಲೆ ಒಳಗೇ ಇದ್ದು, ಕಂಪನಿಗಳು ಆಸರೆಗೆಂದು ಬಿಟ್ಟ ಕಂಬಗಳನ್ನೇ ಕೆತ್ತುತ್ತಾರೆ.

ಎಲ್ಲಕ್ಕಿಂತ ಉದ್ದದ ಬಾಕಿ ನೀರಿನದು. ಈ ಗುಡ್ಡಸಾಲೇ ನೀರು ಹಂಚುವ ನೆತ್ತಿ. ಉತ್ತರಕ್ಕೆ ಬಿದ್ದ ಮಳೆ ಲಿಂಪೊಪೊ ಸೇರಿ ಹಿಂದೂ ಮಹಾಸಾಗರಕ್ಕೆ, ದಕ್ಷಿಣಕ್ಕೆ ಬಿದ್ದದ್ದು ವಾಲ್ ನದಿಯ ಮೂಲಕ ಅಟ್ಲಾಂಟಿಕ್‌ಗೆ. ನೆತ್ತಿಯ ಮೇಲೆ ಕೂತ ಊರಿಗೆ ನೀರನ್ನು ಕೆಳಗಿನಿಂದ ಎತ್ತಿಯೇ ತರಬೇಕು. 1903ರಲ್ಲಿ ರಾಂಡ್ ವಾಟರ್ ಮಂಡಳಿ, 1923ರಲ್ಲಿ ವಾಲ್ ನದಿಗೆ ಬ್ಯಾರೇಜು, 1938ರಲ್ಲಿ ವಾಲ್ ಅಣೆಕಟ್ಟು. ಅದೂ ಸಾಲದೆ ಲೆಸೊಥೊದ ಬೆಟ್ಟಗಳಲ್ಲಿ 185 ಮೀಟರ್ ಎತ್ತರದ ಕಾಟ್ಸೆ ಅಣೆಕಟ್ಟು ಕಟ್ಟಿ, ಸುರಂಗದಲ್ಲಿ 1998ರಿಂದ ನೀರು ತರುತ್ತಿದ್ದಾರೆ. ಮೇಲಕ್ಕೆ ಹೀಗೆ ತಂದರೆ, ಕೆಳಗೆ ಇನ್ನೊಂದು ನೀರು ಏರುತ್ತಿದೆ. ಗಣಿ ನಡೆಯುವಷ್ಟು ದಿನ ಪಂಪುಗಳು ಒಳಗಿನ ನೀರನ್ನು ಹೊರಹಾಕುತ್ತಿದ್ದವು. ಪಂಪು ನಿಂತ ಮೇಲೆ ಪೈರೈಟ್, ಗಾಳಿ, ನೀರು ಮೂರೂ ಕೂಡಿ ಗಂಧಕಾಮ್ಲವಾಗುತ್ತದೆ, ಕಬ್ಬಿಣ, ಯುರೇನಿಯಂ ಅದರಲ್ಲಿ ಕರಗುತ್ತವೆ. 2002ರಲ್ಲಿ ಪಶ್ಚಿಮದ ಕ್ರೂಗರ್ಸ್‌ಡಾರ್ಪ್ ಬಳಿ ಒಂದು ಹಳೆಯ ಗಣಿಯಿಂದ ಈ ಕೆಂಪು ನೀರು ನೆಲದ ಮೇಲೆ ಉಕ್ಕಿ ಹರಿಯಿತು. ನಗರದಡಿಯ ಗಣಿಗಳಲ್ಲೂ 2008ರಲ್ಲಿ ಕೊನೆಯ ಪಂಪು ನಿಂತಿತು, ನೀರು ಏರತೊಡಗಿತು. 2014ರಿಂದ ಜರ್ಮಿಸ್ಟನ್ನಿನ ಸ್ಥಾವರ ಅದನ್ನು ಒಂದು ಮಟ್ಟಕ್ಕಿಂತ ಮೇಲೆ ಬಾರದಂತೆ ಎತ್ತಿ, ಸುಣ್ಣ ಬೆರೆಸಿ ಆಮ್ಲ ತೆಗೆದು, ಕಬ್ಬಿಣವನ್ನು ಕೆಸರಾಗಿ ಕೂರಿಸಿ ಹಳ್ಳಕ್ಕೆ ಬಿಡುತ್ತದೆ.

ಸುಣ್ಣ ಆಮ್ಲವನ್ನು ತೆಗೆಯುತ್ತದೆ, ಸಲ್ಫೇಟ್ ಉಪ್ಪನ್ನು ತೆಗೆಯುವುದಿಲ್ಲ. ಆ ಉಪ್ಪು ಕ್ಲಿಪ್ ಹೊಳೆ ಹಿಡಿದು ವಾಲ್ ಬ್ಯಾರೇಜಿಗೆ ಇಳಿಯುತ್ತದೆ. ಅದರ ಕೆಳಗಿನ ಊರು ಹೊಲಗಳಿಗೆ ಹೋಗುವ ನೀರಿನಲ್ಲಿ ಉಪ್ಪು ಲೀಟರಿಗೆ 600 ಮಿಲಿಗ್ರಾಂ ದಾಟಬಾರದೆಂದು ಲೆಕ್ಕವಿಟ್ಟು, ಮೇಲಿನ ವಾಲ್ ಅಣೆಕಟ್ಟಿನಿಂದ ಶುದ್ಧ ನೀರನ್ನು ಅದಕ್ಕೆಂದೇ ಬಿಟ್ಟು ತೆಳುಗೊಳಿಸುತ್ತಾರೆ. ಲೆಸೊಥೊದಿಂದ ದುಡ್ಡು ಕೊಟ್ಟು ತಂದ ನೀರೂ ಅದರಲ್ಲಿ ಬೆರೆತಿರುತ್ತದೆ.